ಕಣ್ಣು ಗೆರೆಯ ಮೇಲೆ, ಕಿವಿ ಚೆಂಡಿನ ಮೇಲೆ

ಶಿರಹಟ್ಟಿಯಲ್ಲಿ ದೈಹಿಕ ಶಿಕ್ಷಕರ ಸಭೆ ಹತ್ತು ಗಂಟೆಗೆ ಇತ್ತು. ಮುಂಡರಗಿಯಲ್ಲಿ ನಾನು ಹತ್ತಿದ ಬಸ್ಸು ದಾರಿಯಲ್ಲಿ ಪಂಕ್ಚರ್ ಆಗಿ, ಸಭೆಯ ಬಾಗಿಲು ಮುಟ್ಟುವಾಗ ಹನ್ನೊಂದೂವರೆ. ಅಷ್ಟರಲ್ಲಿ ಶಾಲಾ ಕ್ರೀಡಾಕೂಟದ ಕೆಲಸವೆಲ್ಲ ಹಂಚಿಕೆಯಾಗಿ ಹೋಗಿತ್ತು. ಕಬಡ್ಡಿ ಹೋಗಿತ್ತು, ವಾಲಿಬಾಲ್ ಹೋಗಿತ್ತು. ಹದಿನಾರು ವರ್ಷ ನಾನು ಮಕ್ಕಳಿಗೆ ಆಡಿಸಿದ ಖೋ ಖೋ ಕೂಡ ಬೇರೊಬ್ಬರ ಹೆಸರಿನ ಮುಂದೆ ಆರಾಮವಾಗಿ ಕೂತಿತ್ತು.

“ಏನ್ರಿ, ನನಗೇನೂ ಉಳಿಸಿಲ್ಲೇನ್ರಿ?” ಎಂದೆ.

ಪಟ್ಟಿ ಹಿಡಿದಿದ್ದ ಹಿರಿಯ ಮಾಸ್ತರು ಬಹಳ ಪ್ರೀತಿಯಿಂದ ನಕ್ಕರು. “ಉಳಿಸದ ಹೆಂಗ ಇರ್ತೀವ್ರಿ? ಹುಡುಗ್ಯಾರ ಫುಟ್‌ಬಾಲ್ ಐತಲ್ಲ. ನಿಮ್ಮ ಹೆಸರ ಆಗ್ಲೇ ಬರದೀವಿ.”

ಹುಡುಗಿಯರ ಫುಟ್‌ಬಾಲ್ ತಂಡ ಇರುವ ಶಾಲೆಗಳೇ ಕಡಿಮೆ. ಹಾಗಾಗಿ ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ ಮೂರೂ ಕಡೆಯಿಂದ ಒಟ್ಟು ನಾಲ್ಕು ತಂಡ. ಪಂದ್ಯ ಲಕ್ಷ್ಮೇಶ್ವರದಲ್ಲಿ, ಗೆದ್ದವರು ಗದಗಿಗೆ, ಜಿಲ್ಲಾ ಮಟ್ಟಕ್ಕೆ. ನಮ್ಮ ಹಳ್ಳಿಯ ಹೈಸ್ಕೂಲಿನಿಂದ ಯಾವ ಆಟಕ್ಕೂ ಹುಡುಗಿಯರು ಜಿಲ್ಲೆಗೆ ಹೋದದ್ದಿಲ್ಲ. ತಂಡ ಕಟ್ಟುವುದಲ್ಲದೆ, ಬೇರೆಯವರ ಪಂದ್ಯಕ್ಕೆ ಬದಿಯಲ್ಲಿ ಝಂಡಾ ಹಿಡಿದು ನಿಲ್ಲುವ ಲೈನ್ಸ್‌ಮನ್ ಕೆಲಸವೂ ನನ್ನದೇ ಎಂದು ಪಟ್ಟಿಯ ಕೊನೆಯಲ್ಲಿ ಬರೆದಿತ್ತು.

ತಂಡಕ್ಕೆ ಹದಿಮೂರು ಹುಡುಗಿಯರು ಸಿಕ್ಕರು. ಹನ್ನೊಂದು ಜನ ಆಡುವವರು, ಇಬ್ಬರು ಹೆಚ್ಚಿನವರು. ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸಿ ಗಟ್ಟಿಯಾದ ತೋಳಿನವಳು ಕ್ಯಾಪ್ಟನ್. ಗಾಳಿಯ ಹಾಗೆ ಓಡುವವಳು ಫಾರ್ವರ್ಡ್. ಧ್ವನಿ ಎಲ್ಲರಿಗಿಂತ ದೊಡ್ಡದಿದ್ದವಳು ಗೋಲ್‌ಕೀಪರ್. ಒದೆಯುವುದು, ತಡೆಯುವುದು, ಓಡುವುದು ಒಂದು ವಾರದಲ್ಲಿ ಬಂತು. ಅಡ್ಡ ಬಂದದ್ದು ಒಂದೇ: ಆಫ್‌ಸೈಡ್.

ಇಲಾಖೆಯಿಂದ ಬಂದ ನಿಯಮಪುಸ್ತಕದಲ್ಲಿ ಅದಕ್ಕೆ ಒಂದು ಪುಟವಿತ್ತು. ನಾನು ಅದನ್ನು ಮೂರು ಸಲ ಓದಿ, ಅರ್ಥವಾಗದೆ, ಹೆಡ್‌ಮಾಸ್ತರರ ಬಳಿ ಒಯ್ದೆ. ಅವರು ಕನ್ನಡ ಪಂಡಿತರು. ಎಂಥ ಹಳಗನ್ನಡ ಪದ್ಯವನ್ನೂ ಬಿಡಿಸಿ ಎದುರಿಗೆ ಇಡುವವರು. ಕನ್ನಡಕ ಏರಿಸಿ ಓದಿದರು, ಇನ್ನೊಮ್ಮೆ ಓದಿದರು, ಆಮೇಲೆ ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ಒಂದೇ ವಾಕ್ಯ ಬರೆದರು: ‘ತನ್ನ ತಂಡದವಳು ಚೆಂಡನ್ನು ಒದೆಯುವ ಕ್ಷಣದಲ್ಲಿ, ಎದುರಾಳಿಯ ಅರ್ಧದಲ್ಲಿದ್ದು, ಚೆಂಡಿಗಿಂತಲೂ ಕೊನೆಯಿಂದ ಎರಡನೆಯ ಎದುರಾಳಿಗಿಂತಲೂ ಗೋಲಿನ ಗೆರೆಗೆ ಸಮೀಪವಿರುವವಳು ಆಟದಲ್ಲಿ ಕೈ ಹಾಕಿದರೆ ತಪ್ಪು.’

“ಕೈ ಹಾಕಿದ್ರ ಅದು ಹ್ಯಾಂಡ್ ಆಗ್ತೈತ್ರಿ ಸರ್,” ಎಂದೆ.

“ಅದು ನುಡಿಗಟ್ಟರಿ,” ಎಂದು ‘ಕೈ’ ಅಳಿಸಿ ‘ಕಾಲು’ ಬರೆದರು. ನಂತರ ಸೀಮೆಸುಣ್ಣ ಕೆಳಗಿಟ್ಟು, “ಸಾದಾ ಮಾತಿನಾಗ ಹೇಳ್ತೀನಿ ಕೇಳ್ರಿ. ಬಸ್ಸು ನಿಲ್ಲೂದರೊಳಗ ಕಿಡಕ್ಯಾಗ ಟವೆಲ್ ಒಗದು ಸೀಟ ಹಿಡೀತಾರಲ್ಲ, ಅದ ಆಫ್‌ಸೈಡ್,” ಎಂದರು.

ಇದು ನನಗೆ ಹಿಡಿಸಿತು. ಮರುದಿನ ಮೈದಾನದಲ್ಲಿ ಹುಡುಗಿಯರಿಗೂ ಅದನ್ನೇ ಹೇಳಿದೆ. ಫಾರ್ವರ್ಡ್ ತಕ್ಷಣ ಕೇಳಿದಳು, “ಟೀಚರ್, ಹಂಗಾರ ಟವೆಲ್ ಒಗದವರಿಗೇ ಸೀಟ ಸಿಗತೈತಲ್ರಿ?”

ಇನ್ನೊಬ್ಬಳು, “ಆ ಆಫ್‌ಸೈಡ್ ಗೆರಿ ಎಲ್ಲೈತ್ರಿ ಟೀಚರ್?” ಎಂದಳು.

“ಅದು ಕಾಣೂದಿಲ್ಲ. ಎದುರಿನವರು ಹಿಂದ ಮುಂದ ಓಡಿದಂಗ ಅದೂ ಓಡಾಡ್ತೈತಿ.”

ಹದಿಮೂರು ಜನ ನನ್ನನ್ನೇ ನೋಡಿದರು. “ಗೆರಿ ಓಡಾಡ್ತೈತ್ರಿ?” ಎಂದಳು ಗೋಲ್‌ಕೀಪರ್, ಇಡೀ ಊರಿಗೆ ಕೇಳುವ ಹಾಗೆ. ನಾನು ಎರಡು ದಿನ ರಜೆ ಹಾಕಿ ವಿಶ್ರಾಂತಿ ತೆಗೆದುಕೊಳ್ಳುವುದು ಒಳ್ಳೆಯದೆಂಬ ಭಾವ ಅವಳ ಮುಖದಲ್ಲಿತ್ತು.

ಮುಂದಿನ ಶನಿವಾರ ಪಕ್ಕದೂರಿನ ಶಾಲೆಯೊಂದಿಗೆ ಅಭ್ಯಾಸದ ಪಂದ್ಯ ಇಟ್ಟೆವು. ನಾನೇ ರೆಫರಿ. ಸಂಶಯ ಬಂದಾಗಲೆಲ್ಲ ಆಫ್‌ಸೈಡ್ ಊದುವುದು ಎಂದು ತೀರ್ಮಾನಿಸಿಕೊಂಡಿದ್ದೆ. ಸಂಶಯ ನನಗೆ ಪ್ರತಿ ನಿಮಿಷಕ್ಕೂ ಬರುತ್ತಿತ್ತು. ಕೊನೆಗೊಮ್ಮೆ ನಮ್ಮ ಕ್ಯಾಪ್ಟನ್ ನಮ್ಮದೇ ಗೋಲಿನ ಮುಂದೆ ನಿಂತಿದ್ದಾಗ ಅವಳಿಗೂ ಊದಿದೆ. ಆ ಶಾಲೆಯ ಮಾಸ್ತರು ಹತ್ತಿರ ಬಂದು, ಮರ್ಯಾದೆ ಬಿಡದೆ, “ಟೀಚರ್, ತಪ್ಪು ತಿಳ್ಕೋಬ್ಯಾಡ್ರಿ, ತನ್ನ ಅರ್ಧದಾಗ ಇದ್ದಾಕಿಗೆ ಆಫ್‌ಸೈಡ್ ಹೆಂಗಾತ್ರಿ?” ಎಂದು ಕೇಳಿದರು. ನಾನು ವಿಶಲ್ ಒರೆಸಿದೆ. ಚೆಂಡಿನ ಗಾಳಿ ಇಳಿದಿದೆಯೇನೋ ಎಂದು ನೋಡಿದೆ. ಖರೆಯಾಗಿಯೂ ಇಳಿದಿತ್ತು, ಪಂದ್ಯ ಅಲ್ಲಿಗೆ ನಿಂತಿತು. ಆ ಚೆಂಡಿಗೆ ಇಂದಿಗೂ ನಾನು ಋಣಿ.

ಆ ಚೆಂಡಿನ ವಾಲ್ವ್ ಸೋರುತ್ತಿತ್ತು. ರಿಪೇರಿಗೆಂದು ಭಾನುವಾರ ಬೆಟಗೇರಿಗೆ ಒಯ್ದೆ. ಅಲ್ಲಿ ಒಂದು ಸೈಕಲ್ ಅಂಗಡಿ. ಅಂಗಡಿಯವರು ಎಪ್ಪತ್ತು ದಾಟಿದ, ಬಿಳಿ ಗಡ್ಡದ ಹಿರಿಯರು. ಓಣಿಯವರೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದರು. ಅವರು ಚೆಂಡನ್ನು ಕೈಗೆ ತೆಗೆದುಕೊಂಡ ರೀತಿಯೇ ಬೇರೆ ಇತ್ತು. ಎರಡು ಅಂಗೈ ನಡುವೆ ತಿರುಗಿಸಿ, ನೆಲಕ್ಕೆ ಬಿಟ್ಟು, ಕಾಲಿನಿಂದ ಎತ್ತಿ ಮತ್ತೆ ಕೈಗೆ ತೆಗೆದುಕೊಂಡರು.

“ಆಡ್ತಿದ್ರೇನ್ರಿ ಚಾಚಾ?”

“ರೈಲ್ವೇದಾಗ ಇದ್ನಿ. ಕೆಲಸ ಗಾಡಿದು, ಜೀವ ಮೈದಾನದ್ದು. ಹುಬ್ಬಳ್ಳಿತನಕ ಹೋಗಿ ಆಡೀನಿ.”

ನಾನು ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂತೇಬಿಟ್ಟೆ. “ಚಾಚಾ, ನನಗ ಆಫ್‌ಸೈಡ್ ತಿಳೀವಲ್ದು.”

ಅವರು ನಗಲಿಲ್ಲ. ಗೋಣಿಚೀಲ ಹಾಸಿ, ಅದರ ಮೇಲೆ ನಟ್ಟುಗಳನ್ನು ಒಂದು ತಂಡ, ಬೋಲ್ಟುಗಳನ್ನು ಇನ್ನೊಂದು ತಂಡ ಮಾಡಿ ಜೋಡಿಸಿದರು. ಗೋಲ್‌ಕೀಪರ್‌ಗೆ ಒಂದು ಬೆಲ್ ಇಟ್ಟರು. “ಬೆಲ್ಲೂ ಒಂದು ಆಳು, ಮರೀಬ್ಯಾಡ್ರಿ. ಹಿಂದಿನಿಂದ ಎಣಸ್ರಿ: ಒಂದು ಬೆಲ್, ಎರಡನೇದ್ದು ಈ ಬೋಲ್ಟ್. ಈ ಬೋಲ್ಟಿನ ಜೋಡಿ ಗೆರಿ ಓಡಾಡ್ತೈತಿ. ನಟ್ಟು ಈ ಗೆರಿ ದಾಟಿ, ಚೆಂಡನ್ನೂ ದಾಟಿ ನಿಂತಿದ್ರ ಆಫ್‌ಸೈಡ್. ಸರೀ ಸಮ ಇದ್ರ ಅಲ್ಲ. ತನ್ನ ಅರ್ಧದಾಗ ಇದ್ರ ಅಲ್ಲ. ಗೋಲ್ ಕಿಕ್, ಕಾರ್ನರ್, ಥ್ರೋ, ಈ ಮೂರರಿಂದ ಸೀದಾ ಬಂದ ಚೆಂಡಿಗೂ ಬಿಲ್ಕುಲ್ ಅಲ್ಲ.” ನಾನು ಡೈರಿಯಲ್ಲಿ ಬರೆದುಕೊಂಡೆ. “ಮತ್ತ ಯಾವಾಗ ನೋಡ್ಬೇಕು? ಮುಂದಿನಾಕಿ ಚೆಂಡು ಮುಟ್ಟಿದಾಗ ಅಲ್ರಿ. ಹಿಂದಿನಾಕಿ ಒದ್ದಾಗ.”

ಹದಿನೈದು ದಿನದಿಂದ ನನ್ನ ತಲೆಯಲ್ಲಿ ಸಿಕ್ಕಾಗಿದ್ದದ್ದು ಈ ಕೊನೆಯ ಮಾತಿಗೆ ಬಿಟ್ಟುಕೊಂಡಿತು. ಆದರೆ ಕೂಡಲೇ ಇನ್ನೊಂದು ಸಿಕ್ಕು. “ಒದಿಯಾಕಿ ಅಲ್ಲಿ, ಓಡಾಕಿ ಇಲ್ಲಿ. ಎರಡೂ ಕಡೆ ಒಮ್ಮೆಲೇ ಹೆಂಗ ನೋಡ್ಲಿ ಚಾಚಾ?”

“ನೋಡಬ್ಯಾಡ್ರಿ. ಕಣ್ಣು ಗೆರಿ ಮ್ಯಾಲ, ಕಿವಿ ಚೆಂಡಿನ ಮ್ಯಾಲ. ಒದ್ದ ಸದ್ದು ಕೇಳ್ತೈತಿ. ಆಗ ಕಣ್ಣಾಗ ಇದ್ದ ಚಿತ್ರ ಹಿಡೀರಿ. ಏಳ್ರಿ, ರಸ್ತೇಕ ಮುಖ ಮಾಡಿ ನಿಲ್ರಿ.”

ಅಂಗಡಿಯ ಎದುರು ಬಾಳೆಹಣ್ಣಿನ ಗಾಡಿ ನಿಂತಿತ್ತು. ಅದು ಕೊನೆಯಿಂದ ಎರಡನೆಯ ಎದುರಾಳಿ. ರಸ್ತೆಯಲ್ಲಿ ಹೋಗುವ ಆಟೋ, ಸೈಕಲ್, ಮಂದಿ ಎಲ್ಲರೂ ಫಾರ್ವರ್ಡ್‌ಗಳು. ನನ್ನ ಬೆನ್ನ ಹಿಂದೆ ಚಾಚಾ ಸುತ್ತಿಗೆಯಿಂದ ಕಬ್ಬಿಣದ ರಿಮ್ಮಿಗೆ ಹೊಡೆಯುತ್ತಾರೆ. ಠಣ್ ಎಂದ ಆ ಕ್ಷಣ ಯಾರು ಗಾಡಿಯನ್ನು ದಾಟಿದ್ದರು, ಯಾರು ದಾಟಿರಲಿಲ್ಲ ಎಂದು ನಾನು ಹೇಳಬೇಕು.

ಠಣ್. “ಆಟೋ ಆಫ್‌ಸೈಡ್!” ಎಂದೆ.

“ತಪ್ಪು. ಸದ್ದಾದಾಗ ಹಿಂದ ಇತ್ತು, ಆಮ್ಯಾಲ ದಾಟೇತಿ.”

ಠಣ್. “ನೀರಿನ ಕೊಡದಾಕಿ... ಸರೀ ಸಮ. ಆಫ್‌ಸೈಡ್ ಅಲ್ಲ.”

“ಶಾಭಾಸ್!”

ನೀರಿನ ಕೊಡದ ಹೆಂಗಸು ನಿಂತಳು. “ಯಾಕ್ರಿ, ನಾ ಏನ್ ಮಾಡೀನಿ?” ಬಾಳೆಹಣ್ಣಿನವನು ವ್ಯಾಪಾರ ಬಿಟ್ಟು ತಾನೂ ತೀರ್ಪು ಕೊಡತೊಡಗಿದ. ಅರ್ಧ ಗಂಟೆಯಲ್ಲಿ ಅಲ್ಲಿ ಹತ್ತು ಮಂದಿ ಸೇರಿ, ಒಬ್ಬ ಸೈಕಲ್ ಸವಾರನ ವಿಷಯದಲ್ಲಿ ಎರಡು ಪಂಗಡವಾಯಿತು. ಅದರ ಮೇಲೆ ಚಾಚಾ ನನ್ನನ್ನು ರಸ್ತೆಯ ಬದಿಗೆ ಏಡಿಯ ಹಾಗೆ ಅಡ್ಡಡ್ಡ ಓಡಿಸಿದರು; ಲೈನ್ಸ್‌ಮನ್ ಮೈದಾನಕ್ಕೆ ಬೆನ್ನು ಕೊಡಬಾರದಂತೆ. ನನ್ನ ಹಳೆಯ ವಿದ್ಯಾರ್ಥಿಯ ತಾಯಿಯೊಬ್ಬರು ಅದೇ ಹೊತ್ತಿಗೆ ಸಂತೆಯಿಂದ ಬಂದು, ನೋಡಿ, ಮಾತಾಡಿಸದೆ ಹೋದರು.

ಸೋಮವಾರ ಇದೇ ಪಾಠ ಹುಡುಗಿಯರಿಗೆ. ರಿಮ್ಮಿನ ಬದಲು ಊಟದ ತಾಟು, ಸುತ್ತಿಗೆಯ ಬದಲು ಚಮಚ. ತಾಟು ಬಾರಿಸಿದ ಕೂಡಲೇ ಎಲ್ಲರೂ ಇದ್ದಲ್ಲೇ ಕಲ್ಲಾಗಬೇಕು. ಆಮೇಲೆ ಯಾರು ಎಲ್ಲಿ ಇದ್ದಾರೆಂದು ನೋಡಬೇಕು. ಮೊದಲ ಸಲ ಬಾರಿಸಿದಾಗ ಎಂಟನೆಯ ತರಗತಿ ಪೂರ್ತಿ ಬಿಸಿಯೂಟಕ್ಕೆ ಸಾಲು ಹಚ್ಚಿ ನಿಂತಿತು, ಅಡುಗೆಯಾಕೆ ಒಳಗಿನಿಂದ “ಇನ್ನೂ ಅನ್ನ ಬೆಂದಿಲ್ಲೋ!” ಎಂದು ಕೂಗಿದರು. ಆದರೆ ಮೂರು ದಿನದಲ್ಲಿ ಹುಡುಗಿಯರಿಗೆ ಓಡಾಡುವ ಗೆರೆ ಕಾಣತೊಡಗಿತು. ಎದುರಿನವರು ಆಫ್‌ಸೈಡ್ ಇದ್ದರೆ ನಮ್ಮ ಹಿಂದಿನ ಸಾಲಿನವರು ಒಟ್ಟಿಗೆ ಕೈ ಎತ್ತುವುದನ್ನೂ ಕಲಿಸಿದೆ. ಅದರ ಫಲ ಆಮೇಲೆ ಉಂಡೆ.

ಪಂದ್ಯದ ದಿನ ಲಕ್ಷ್ಮೇಶ್ವರದ ಮೈದಾನ ಮುಂಜಾನೆಯ ಜಿನುಗು ಮಳೆಗೆ ತೊಯ್ದಿತ್ತು. ಎರೆಮಣ್ಣು, ಹತ್ತು ಹೆಜ್ಜೆ ಇಟ್ಟರೆ ಕಾಲಿಗೆ ಇನ್ನೊಂದು ಜೋಡು ಬೂಟು. ಸುಣ್ಣದ ಗೆರೆ ಅಲ್ಲಲ್ಲಿ ಕರಗಿತ್ತು. ಬೆಳಗಿನ ಪಂದ್ಯದಲ್ಲಿ ನಾವು ಮುಂಡರಗಿ ಕಡೆಯ ಇನ್ನೊಂದು ತಂಡವನ್ನು ಒಂದು ಗೋಲಿನಿಂದ ಸೋಲಿಸಿದೆವು. ಮಧ್ಯಾಹ್ನ ಫೈನಲ್, ಲಕ್ಷ್ಮೇಶ್ವರ ಕಡೆಯ ತಂಡದೊಂದಿಗೆ. ಆಗ ಗೊತ್ತಾಯಿತು, ಫೈನಲ್ಲಿಗೆ ಬರಬೇಕಿದ್ದ ಲೈನ್ಸ್‌ಮನ್‌ಗಳಿಬ್ಬರೂ ಕಬಡ್ಡಿ ಜಗಳ ಬಿಡಿಸಲು ಹೋಗಿದ್ದಾರೆ ಎಂದು.

ರೆಫರಿ ಮುಂಡರಗಿಯ ಹಿರಿಯ ಮಾಸ್ತರು. ಶಾಂತ ಸ್ವಭಾವ, ತುಂಬಿದ ಹೊಟ್ಟೆ, ನಡುವೃತ್ತದಿಂದ ಹೆಚ್ಚು ದೂರ ಹೋಗದವರು. ಅವರೇ ದಾರಿ ತೆಗೆದರು: “ಎರಡೂ ತಂಡದ ಶಿಕ್ಷಕರು ಒಂದೊಂದು ಬದಿ ಹಿಡೀರಿ. ಇಬ್ಬರಿಗೂ ಸಮ ಆತು.”

ಎದುರು ತಂಡದ ಶಿಕ್ಷಕ ತರುಣ, ಹೊಳೆಯುವ ಬೂಟು ಹಾಕಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ನಂಬಿಕೆಯಿಲ್ಲದೆ ನಕ್ಕು, ಝಂಡಾ ತೆಗೆದುಕೊಂಡೆವು. ಲೈನ್ಸ್‌ಮನ್‌ಗೆ ಮೈದಾನದ ಅರ್ಧ ಭಾಗ ಮಾತ್ರ. ಮೊದಲರ್ಧದಲ್ಲಿ ನನ್ನ ಪಾಲಿಗೆ ಬಂದದ್ದು ನಮ್ಮ ಹುಡುಗಿಯರು ಗೋಲು ಹೊಡೆಯಬೇಕಿದ್ದ ಭಾಗ. ಎಂದರೆ ನಮ್ಮವರ ಆಫ್‌ಸೈಡ್ ನಾನೇ ಹಿಡಿಯಬೇಕು.

ಐದನೆಯ ನಿಮಿಷಕ್ಕೇ ಧಡ್ ಎಂದು ಒದ್ದ ಸದ್ದು ಕೇಳಿತು. ನನ್ನ ಕಣ್ಣಿನ ಚಿತ್ರದಲ್ಲಿ ನಮ್ಮ ಫಾರ್ವರ್ಡ್ ಗೆರೆಗಿಂತ ಒಂದು ಮೊಳ ಮುಂದಿದ್ದಳು. ಅವಳು ಓಡಿ ಗೋಲು ಹೊಡೆದಳು. ನಾನು ಝಂಡಾ ಎತ್ತಿದೆ.

ಬದಿಯಲ್ಲಿ ಕುರ್ಚಿ ಹಾಕಿಕೊಂಡಿದ್ದ ಹೆಡ್‌ಮಾಸ್ತರು ಎದ್ದು ನಿಂತರು. “ಟೀಚರ್, ಆಕಿ ನಮ್ಮ ಹುಡುಗಿ ಅದಾಳ್ರೀ!”

“ಗೊತ್ರೀ ಸರ್!”

“ಗೊತ್ತಿದ್ದೂ...?” ಅವರ ವಾಕ್ಯಕ್ಕೆ ಕ್ರಿಯಾಪದ ಸಿಗಲಿಲ್ಲ.

ಅದಾದ ಮೇಲೂ ಎರಡು ಸಲ ಅವಳಿಗೆ ಝಂಡಾ ಎತ್ತಿದೆ. ಫಾರ್ವರ್ಡ್ ಈಗ ಓಡುವ ಮೊದಲು ನನ್ನ ಕಡೆ ನೋಡತೊಡಗಿದಳು. ಆದರೂ ಅರ್ಧ ಮುಗಿಯುವ ಹೊತ್ತಿಗೆ ಕ್ಯಾಪ್ಟನ್ ದೂರದಿಂದ ಒದ್ದ ಚೆಂಡು ಕೆಸರಿನಲ್ಲಿ ಜಾರಿ, ಅವರ ಕೀಪರ್‌ನ ಕೈಯಡಿಯಿಂದ ಒಳಗೆ ಹೋಯಿತು. ಒಂದು ಸೊನ್ನೆ. ನಮ್ಮ ಊರಿಂದ ಬಂದ ಟೆಂಪೋದವನು ಹಾರ್ನ್ ಹಿಡಿದ ಕೈ ಬಿಡಲೇ ಇಲ್ಲ.

ಎರಡನೆಯ ಅರ್ಧದಲ್ಲಿ ತಂಡಗಳು ಬದಿ ಬದಲಿಸಿದವು, ನಾನು ಅಲ್ಲೇ ಉಳಿದೆ. ಈಗ ನನ್ನ ಭಾಗಕ್ಕೆ ನುಗ್ಗಿ ಬರುವವರು ಲಕ್ಷ್ಮೇಶ್ವರ ಕಡೆಯವರು. ಮೂರು ಸಲ ಅವರಿಗೆ ಝಂಡಾ ಎತ್ತಿದೆ, ಮೂರೂ ಸರಿಯಿದ್ದವು. ನಮ್ಮ ಹುಡುಗಿಯರು ಪ್ರತಿ ಸಲ ಕೈ ಎತ್ತಿ ನಿಂತಾಗ ನನ್ನೊಳಗೆ ಏನೋ ಉಬ್ಬುತ್ತಿತ್ತು. ಹೆಡ್‌ಮಾಸ್ತರು ಈಗ ಪಕ್ಕದವರಿಗೆ ಆಫ್‌ಸೈಡ್ ಅರ್ಥ ಮಾಡಿಸುತ್ತಿದ್ದರು, ಟವೆಲ್ ಸಮೇತ.

ಆರೇಳು ನಿಮಿಷ ಉಳಿದಿದ್ದವು. ಚೆಂಡು ನನ್ನ ಬದಿಯಲ್ಲೇ ಹೊರಗೆ ಹೋಯಿತು. ಅವರ ಹುಡುಗಿಯೊಬ್ಬಳು ನನ್ನಿಂದ ಎರಡು ಮಾರು ದೂರ ನಿಂತು ತಲೆಯ ಮೇಲಿಂದ ಚೆಂಡು ಎಸೆದಳು. ನನ್ನ ಕಣ್ಣು ಗೆರೆಯ ಮೇಲೆ. ನಮ್ಮ ಹಿಂದಿನ ಸಾಲನ್ನು ದಾಟಿ ನಾಲ್ಕು ಹೆಜ್ಜೆ ಆಚೆ ಅವರ ಫಾರ್ವರ್ಡ್ ಒಬ್ಬಳೇ ನಿಂತಿದ್ದಳು. ಇಷ್ಟು ಸ್ಪಷ್ಟವಾದ ಆಫ್‌ಸೈಡ್ ನಾನು ಬೆಟಗೇರಿಯಲ್ಲೂ ಕಂಡಿರಲಿಲ್ಲ. ಝಂಡಾ ಎತ್ತಿದೆ. ನಮ್ಮವರೆಲ್ಲ ಕೈ ಎತ್ತಿ ನಿಂತರು. ಅವಳು ನಿಲ್ಲಲಿಲ್ಲ, ಚೆಂಡನ್ನು ಗೋಲಿನೊಳಗೆ ಒದ್ದಳು. ರೆಫರಿ ಆಮೇಲೆ ನನ್ನ ಕಡೆ ತಿರುಗಿ, ಝಂಡಾ ನೋಡಿ, ವಿಶಲ್ ಊದಿ ಗೋಲು ಇಲ್ಲವೆಂದು ಕೈ ಆಡಿಸಿದರು.

ಆಚೆ ಬದಿಯಿಂದ ಎದುರು ತಂಡದ ಶಿಕ್ಷಕ “ಥ್ರೋ! ಥ್ರೋ!” ಎಂದು ಕೂಗುತ್ತಿದ್ದ. ಎಸೆತ ಸರಿಯಾಗಿತ್ತೆಂದು ವಾದಿಸುತ್ತಿದ್ದಾನೆಂದು ತಿಳಿದು ನಾನು ಅತ್ತ ನೋಡಲಿಲ್ಲ. ನಮ್ಮ ಕೀಪರ್ ಫ್ರೀ ಕಿಕ್‌ಗೆ ಚೆಂಡು ಇಟ್ಟು, ಕಾಲಿನ ಕೆಸರು ಕೆರೆದುಕೊಂಡು, ಹಿಂದೆ ಸರಿದಳು.

ಆಗ ನನಗೆ ಒಂದು ವಿಚಿತ್ರ ಅನುಮಾನ ಬಂತು. ಸದ್ದು ಎಲ್ಲಿ? ಕಣ್ಣಿನಲ್ಲಿ ಚಿತ್ರ ಇತ್ತು; ಕಿವಿಯಲ್ಲಿ ಧಡ್ ಎಂಬ ಸದ್ದೇ ಇರಲಿಲ್ಲ. ಯಾರೂ ಒದ್ದಿರಲಿಲ್ಲ. ಎಸೆದಿದ್ದರು. ಗೋಲ್ ಕಿಕ್, ಕಾರ್ನರ್, ಥ್ರೋ. ನನ್ನದೇ ಅಕ್ಷರದಲ್ಲಿ ಬರೆದ ಆ ಸಾಲು ಡೈರಿಯ ಸಮೇತ ಕಣ್ಣ ಮುಂದೆ ಬಂತು.

ಆಟ ಮತ್ತೆ ಶುರುವಾದರೆ ರೆಫರಿ ತೀರ್ಪು ಬದಲಿಸುವಂತಿಲ್ಲ. ಅದೂ ನನಗೆ ಗೊತ್ತಿತ್ತು. ಕೀಪರ್ ಆ ಚೆಂಡು ಒದ್ದುಬಿಟ್ಟರೆ ಯಾರೂ ಏನೂ ಮಾಡುವಂತಿಲ್ಲ, ನಾನೂ ಸೇರಿ. ಸುಮ್ಮನೆ ನಿಂತರೆ ಸಾಕಿತ್ತು. ನಾನು ನಿಂತೆ ಕೂಡ. ಒಂದು ಉಸಿರಿನಷ್ಟು, ಎರಡು ಉಸಿರಿನಷ್ಟು. ಸುಳ್ಳು ಹೇಳುವುದಿಲ್ಲ, ಒದಿ, ಜಲ್ದಿ ಒದಿ ಎಂದು ಮನಸ್ಸಿನೊಳಗೆ ಅವಳಿಗೆ ಹೇಳಿದೆ. ಅವಳು ಓಡಿಬಂದಳು.

“ಒದೀಬ್ಯಾಡಽಽ!”

ನನ್ನ ಬಾಯಿಂದಲೇ ಬಂತು. ಹದಿನಾರು ವರ್ಷ ಖೋ ಎಂದು ಕೂಗಿದ ಗಂಟಲು. ಕೀಪರ್ ಬೆಚ್ಚಿ, ಒದೆಯಲು ಎತ್ತಿದ ಕಾಲು ತಪ್ಪಿ, ಚೆಂಡಿನ ಪಕ್ಕದ ಕೆಸರಿನಲ್ಲಿ ಕುಕ್ಕರಿಸಿದಳು. ಚೆಂಡು ಅಲುಗಲಿಲ್ಲ. ನಾನು ಝಂಡಾ ಹಿಡಿದೇ ಮೈದಾನದೊಳಗೆ ಓಡಿದೆ. ಅಡ್ಡಡ್ಡ ಅಲ್ಲ, ನೆಟ್ಟಗೆ.

“ಸರ್, ತಪ್ಪಾತು. ಅದು ಥ್ರೋ ಇತ್ತು. ಥ್ರೋಕ್ಕ ಆಫ್‌ಸೈಡ್ ಇಲ್ರಿ. ಗೋಲು ಖರೆ.”

ರೆಫರಿ ಬಾಯಿಂದ ವಿಶಲ್ ತೆಗೆದರು. “ಟೀಚರ್, ಅದು ನಿಮ್ಮ ಮ್ಯಾಲ ಆದ ಗೋಲು.”

“ಹೌದ್ರಿ.”

ಹೆಡ್‌ಮಾಸ್ತರು ಒಂದು ಕಾಲಿನ ಚಪ್ಪಲಿ ಎರೆಮಣ್ಣಿಗೆ ಕೊಟ್ಟು ಓಡಿಬಂದರು. “ಝಂಡಾ ನೋಡಿ ನಮ್ಮ ಹುಡುಗ್ಯಾರು ನಿಂತಾರ್ರಿ! ಅದಕ್ಕೇನಂತೀರಿ?”

ರೆಫರಿ ಜೇಬಿನಿಂದ ಪುಸ್ತಕ ತೆಗೆದು, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿ, ಓದಿ, ಮುಚ್ಚಿದರು. “ಝಂಡಾ ನೋಡಿ ನಿಲ್ಲಬಾರದ್ರಿ, ವಿಶಲ್ ಕೇಳಿ ನಿಲ್ಲಬೇಕು. ನಾ ಊದೂದರೊಳಗ ಚೆಂಡು ಒಳಗ ಹೋಗಿತ್ತು. ಗೋಲು.”

ಒಂದು ಒಂದು. ನಾನು ನನ್ನ ಜಾಗಕ್ಕೆ ವಾಪಸ್ ನಡೆದು ಹೋಗುವಾಗ ನಮ್ಮ ಟೆಂಪೋದವನು ಹಾರ್ನ್ ಬಾರಿಸಲಿಲ್ಲ. ನಮ್ಮ ಹುಡುಗಿಯರ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ.

ಕೊನೆಯ ನಿಮಿಷದಲ್ಲಿ ಆಚೆ ಭಾಗದಲ್ಲಿ ನಮ್ಮ ಕ್ಯಾಪ್ಟನ್ ಉದ್ದ ಒದ್ದಳು. ನಮ್ಮ ಫಾರ್ವರ್ಡ್ ಅವರ ಸಾಲಿಗೆ ಸರೀ ಸಮ ಇದ್ದು, ಚಿಗರಿಯ ಹಾಗೆ ಬಿಡಿಸಿಕೊಂಡು ಹೋದಳು. ಎದುರಿಗೆ ಕೀಪರ್ ಒಬ್ಬಳೇ. ಆ ಬದಿಯಲ್ಲಿ ಝಂಡಾ ಎದುರು ತಂಡದ ಶಿಕ್ಷಕನ ಕೈಯಲ್ಲಿ. ಅವನ ಕೈ ಸೊಂಟದವರೆಗೆ ಬಂದು, ಕೆಳಗಿಳಿಯಿತು. ಎತ್ತಲಿಲ್ಲ. ಆದರೆ ಇಡೀ ದಿನ ಝಂಡಾಕ್ಕೆ ಸಿಕ್ಕಿ ಬೇಸತ್ತಿದ್ದ ನಮ್ಮ ಹುಡುಗಿ ಚೆಂಡು ಕಾಲಲ್ಲಿಟ್ಟುಕೊಂಡು ನಿಂತೇಬಿಟ್ಟಳು. ಅವನ ಕಡೆ ತಿರುಗಿ, “ಎತ್ತೂದಿಲ್ಲೇನ್ರಿ ಸರ್?” ಎಂದು ಕೇಳಿದಳು. ಅವರ ಕೀಪರ್ ಬಂದು ಮರ್ಯಾದೆಯಿಂದ ಚೆಂಡು ಎತ್ತಿಕೊಂಡು ಹೋದಳು.

ಪೆನಾಲ್ಟಿಯಲ್ಲಿ ಮೂರು ಎರಡರಿಂದ ಸೋತೆವು.

ಎದುರು ತಂಡದ ಶಿಕ್ಷಕ ಬೂಟಿನ ಕೆಸರು ಕೊಡವುತ್ತ ಹತ್ತಿರ ಬಂದ. “ಕೊನೀಗೆ ಕೈ ಎದ್ದಿತ್ರಿ ಟೀಚರ್. ನೀವು ಹಂಗ ಮಾಡದಿದ್ರ ಪೂರಾ ಎದ್ದಬಿಡ್ತಿತ್ತು,” ಎಂದ. “ಗದಗಿನ್ಯಾಗ ಚೊಲೊ ಆಡ್ರಿ,” ಎಂದೆ.

ಸಂಜೆ ಟೆಂಪೋ ಹತ್ತಿದೆವು. ಹೆಡ್‌ಮಾಸ್ತರು ಮುಂದೆ ಒಂದೇ ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅರ್ಧ ದಾರಿ ಕಳೆದ ಮೇಲೆ ಕ್ಯಾಪ್ಟನ್ ನನ್ನ ಪಕ್ಕಕ್ಕೆ ಸರಿದಳು. ಯಾಕ್ರಿ ಟೀಚರ್ ಹಂಗ ಮಾಡಿದ್ರಿ ಎಂದು ಕೇಳುತ್ತಾಳೆ, ಏನು ಹೇಳಲಿ ಎಂದು ನಾನು ಉತ್ತರ ಹುಡುಕುತ್ತಿದ್ದೆ.

“ಟೀಚರ್, ಥ್ರೋಕ್ಕ ಆಫ್‌ಸೈಡ್ ಇಲ್ಲಂದ್ರ, ನಮ್ಮಾಕಿ ಸೀದಾ ಗೋಲಿನ ಮುಂದ ಹೋಗಿ ನಿಂತ್ರೂ ನಡೀತೈತೇನ್ರಿ?”

“ನಡೀತೈತಿ.”

“ಎಷ್ಟ ಮುಂದ?”

“ಎಷ್ಟಾರ ಮುಂದ.”

ಅವಳು ತನ್ನ ಬಲತೋಳನ್ನು ಒಮ್ಮೆ ನೋಡಿಕೊಂಡಳು, ಆಮೇಲೆ ಫಾರ್ವರ್ಡ್ ಹುಡುಗಿಯನ್ನು ನೋಡಿದಳು. “ಮತ್ತ ಇದನ್ನ ಮೊದಲ ಯಾಕ ಹೇಳಲಿಲ್ರಿ?” ಎಂದಳು, ಬಹಳ ಬೇಸರದಿಂದ.

ಸೋಮವಾರ ಪ್ರಾರ್ಥನೆಗೆ ಇನ್ನೂ ಅರ್ಧ ಗಂಟೆ ಇತ್ತು. ನಾನು ಶಾಲೆಯ ಗೇಟು ದಾಟುವಾಗ ಕ್ಯಾಪ್ಟನ್ ಮೈದಾನದ ಆ ತುದಿಯಿಂದ ಎರಡೂ ಕೈಯಲ್ಲಿ ಚೆಂಡು ಎಸೆಯುತ್ತಿದ್ದಳು, ಫಾರ್ವರ್ಡ್ ಈ ತುದಿಯಲ್ಲಿ ಆಫೀಸಿನ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಚೆಂಡು ಅವಳ ತಲೆ ದಾಟಿ, ಕಿಟಕಿಯ ಗಾಜು ಒಡೆದು ಒಳಗೆ ಹೋಯಿತು. ಒಳಗಿನಿಂದ ಹೆಡ್‌ಮಾಸ್ತರು ಚೆಂಡು ಹಿಡಿದು ಹೊರಗೆ ಬಂದರು. ಅವಳು ನಿಂತ ಜಾಗ ನೋಡಿದರು, ಗಾಜು ನೋಡಿದರು, ನನ್ನನ್ನು ನೋಡಿದರು.

“ಟೀಚರ್, ಇದಾದ್ರೂ ಆಫ್‌ಸೈಡ್ ಹೌದಲ್ರಿ?”

“ಅಲ್ರಿ ಸರ್,” ಎಂದೆ. “ಥ್ರೋ ಐತಿ.”